ಸೂರಿನ ಕೆಳಗಿನ 85 ಕಲ್ಲುಗಳು: ಕಿಲ್ಪೆಕ್ ಹಳ್ಳಿಯ ಚರ್ಚ್

(ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು. ಬರಲಾಗದವರು ಕೇಳಿದ್ದರಿಂದ ಬರೆದಿಟ್ಟಿದ್ದೇನೆ. ಪ್ರೊಜೆಕ್ಟರ್ ಅವತ್ತು ನಡುವೆ ಎರಡು ಸಲ ಕೈಕೊಟ್ಟಿತು. ಹಾಗಾಗಿ ಚಿತ್ರ ತೋರಿಸಬೇಕಾದ ಕಡೆ ಬಾಯಲ್ಲೇ ಬಣ್ಣಿಸಿದ್ದು ಇಲ್ಲೂ ಹಾಗೇ ಉಳಿದಿದೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಚಿತ್ರ ನೋಡಿ. ಒಂದು ನಾಯಿ, ಒಂದು ಮೊಲ. ಎರಡೂ ಮೈಗೆ ಮೈ ತಾಗಿಸಿಕೊಂಡು, ಹಳೇ ಕಾಲದ ಸ್ಟುಡಿಯೋದಲ್ಲಿ ಫೋಟೋಗೆ ಕೂತ ಗಂಡ ಹೆಂಡತಿ ಥರ, ನೆಟ್ಟಗೆ ಮುಂದೆ ನೋಡುತ್ತಿವೆ. ನಾಯಿಯ ಕಿವಿ ಜೋತುಬಿದ್ದಿದೆ. ಕಣ್ಣು ದೊಡ್ಡದು, ಮುಖದಲ್ಲಿ ಪೆಚ್ಚು ಕಳೆ. ಬೇಟೆ ನಾಯಿ ಅಂತ ಯಾರಾದರೂ ಹೇಳಿದರೆ ನಂಬೋದು ಕಷ್ಟ. ಇದನ್ನು ಮೊನ್ನೆ ಮಕ್ಕಳ ಪುಸ್ತಕಕ್ಕೆ ಬರೆದಿದ್ದಾರೆ ಅಂದುಕೊಳ್ಳಬಹುದು. ಆದರೆ ಕೆತ್ತಿದ್ದು 1140ರ ಸುಮಾರಿಗೆ, ಇಂಗ್ಲೆಂಡಿನ ಒಂದು ಹಳ್ಳಿಯ ಚರ್ಚಿನ ಸೂರಿನ ಕೆಳಗೆ.

ಹಳ್ಳಿಯ ಹೆಸರು ಕಿಲ್ಪೆಕ್. ಹೆರೆಫರ್ಡ್‌ಶೈರ್ ಅನ್ನೋ ಜಿಲ್ಲೆ, ಹೆರೆಫರ್ಡ್ ಪಟ್ಟಣದಿಂದ ನೈರುತ್ಯಕ್ಕೆ ಹದಿನಾಲ್ಕು ಹದಿನೈದು ಕಿಲೋಮೀಟರ್. ಇನ್ನೊಂದಿಷ್ಟು ದೂರ ಹೋದರೆ ವೇಲ್ಸ್ ನಾಡು ಶುರು. ಚರ್ಚಿಗೆ ಮೇರಿ ಮತ್ತು ಡೇವಿಡ್ ಇಬ್ಬರ ಹೆಸರೂ ಇದೆ. ಡೇವಿಡ್ ಅಂದರೆ ವೇಲ್ಸಿನವರ ಮನೆದೇವರಿದ್ದ ಹಾಗೆ, ಆ ನಾಡಿನ ಸಂತ. ಇಂಗ್ಲಿಷ್ ನೆಲದಲ್ಲಿ ವೇಲ್ಸಿನ ಸಂತ ಯಾಕೆ ಬಂದ? ಇದು ಗಡಿನಾಡು. ಬೆಳಗಾವಿ, ಕಾಸರಗೋಡು ಕಡೆಯವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಗಡಿಯಲ್ಲಿ ದೇವರಿಗೂ ಎರಡು ಭಾಷೆ ಬರುತ್ತೆ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ವಿಲಿಯಂ ದಂಡೆತ್ತಿ ಬಂದು ಇಂಗ್ಲೆಂಡನ್ನು ಗೆದ್ದ. ಇಪ್ಪತ್ತು ವರ್ಷ ಕಳೆದ ಮೇಲೆ, 1086ರಲ್ಲಿ, ಇಡೀ ದೇಶದ ಜಮೀನಿನ ಲೆಕ್ಕ ಬರೆಸಿದ. ನಮ್ಮ ಕಡೆ ಶ್ಯಾನುಭೋಗರ ಕಡತ ಇದ್ದ ಹಾಗೆ. ಅದಕ್ಕೆ ಡೂಮ್ಸ್‌ಡೇ ಬುಕ್ ಅಂತ ಹೆಸರು. ಕಿಲ್ಪೆಕ್ ಅದರಲ್ಲಿದೆ. ಊರು ವಿಲಿಯಂ ಫಿಟ್ಸ್ ನಾರ್ಮನ್ ಅನ್ನೋ ಒಡೆಯನ ಕೈಯಲ್ಲಿತ್ತು. 57 ಜನ, ಅವರ 19 ನೇಗಿಲು. ಕಂದಾಯ ಏನು ಗೊತ್ತಾ? 10 ಶಿಲ್ಲಿಂಗ್ ದುಡ್ಡು, ಜೊತೆಗೆ 15 ಅಳತೆ ಜೇನುತುಪ್ಪ. ಜೇನು ಕೊಡೋದು ವೇಲ್ಸ್ ಕಡೆಯ ಪದ್ಧತಿ. ಒಡೆಯ ಬದಲಾದ, ಕಂದಾಯ ಹಳೇ ಪದ್ಧತಿಯಲ್ಲೇ ನಡೆಯಿತು.

ಆ ವಿಲಿಯಂ ಫಿಟ್ಸ್ ನಾರ್ಮನ್‌ನ ಮಗ ಹ್ಯೂ. ಈಗಿರೋ ಚರ್ಚ್ ಕಟ್ಟಿಸಿದ್ದು ಅವನು. 1134ರಲ್ಲಿ ಕಿಲ್ಪೆಕ್ ಚರ್ಚನ್ನು ಗ್ಲಾಸ್ಟರ್ ಪಟ್ಟಣದ ಮಠಕ್ಕೆ ದಾನ ಬರೆದುಕೊಟ್ಟ. ಕೆಲಸ ನಡೆದ ಹೊತ್ತು ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. 1135ರಲ್ಲಿ ರಾಜ ಸತ್ತ. ಅಣ್ಣನ ಮಗ ಸ್ಟೀಫನ್, ಅಂದರೆ ಸತ್ತ ರಾಜನ ತಂಗಿ ಮಗ, ಕಿರೀಟ ಹಾಕಿಕೊಂಡ. (ನೋಡಿ, ಸಂಬಂಧ ಹೇಳೋಕೆ ಹೋಗಿ ನಾನೇ ತಪ್ಪಿದೆ. ಸ್ಟೀಫನ್ ಸತ್ತ ರಾಜನ ಅಕ್ಕನ ಮಗ. ಸಭೆಯಲ್ಲೂ ಇಲ್ಲೇ ಎಡವಿದ್ದೆ, ಮುಂದಿನ ಸಾಲಿನವರು ನಕ್ಕಿದ್ದರು.) ಸತ್ತ ರಾಜನ ಮಗಳು ಮಟಿಲ್ಡಾ ತನ್ನ ಪಾಲು ಕೇಳಿದಳು. ಹತ್ತೊಂಬತ್ತು ವರ್ಷ ಜಗಳ ನಡೆಯಿತು. ಹೆರೆಫರ್ಡ್ ಸುತ್ತಮುತ್ತ ಅದರ ಬಿಸಿ ಜೋರಾಗೇ ತಟ್ಟಿತು. ಅಂಥ ಹೊತ್ತಲ್ಲಿ ಗಡಿಯ ಒಬ್ಬ ಸಣ್ಣ ಪಾಳೇಗಾರ ಕಲ್ಲುಕುಟಿಗರನ್ನು ಕರೆಸಿ ಇಷ್ಟು ಪುಟ್ಟ ಚರ್ಚಿಗೆ ಇಷ್ಟು ಕೆತ್ತನೆ ಮಾಡಿಸಿದ.

ಎಷ್ಟು ಪುಟ್ಟದು? ನಾನು ಮೊದಲ ಸಲ ಹೋದಾಗ, ಇದೇನಾ, ಹಿಂದೆ ಇನ್ನೊಂದು ದೊಡ್ಡದು ಇರಬೇಕು ಅಂತ ಸುತ್ತ ನೋಡಿದೆ. ಇಲ್ಲ. ಇದೇ.

ಒಳಗಿನ ಅಳವಡಿಕೆ ನಮಗೆ ಕೂಡಲೇ ಅರ್ಥವಾಗುತ್ತೆ. ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ಮೂರು ಕೋಣೆ. ಮೊದಲನೆಯದು ಜನ ನಿಲ್ಲೋ ಜಾಗ, ನೇವ್. ಎರಡನೆಯದು ಪಾದ್ರಿಗಳ ಜಾಗ, ಚಾನ್ಸೆಲ್. ಕೊನೆಗೆ ಅರ್ಧ ದುಂಡಗಿನ ಏಪ್ಸ್, ಅಲ್ಲಿ ಪೂಜಾಪೀಠ. ನವರಂಗ, ಸುಕನಾಸಿ, ಗರ್ಭಗುಡಿ ಅಂತ ಮನಸ್ಸಲ್ಲಿ ಅಂದುಕೊಂಡರೆ ದಾರಿ ತಪ್ಪೋದಿಲ್ಲ. ಒಳಕ್ಕೆ ಹೋಗ್ತಾ ಹೋಗ್ತಾ ಕೋಣೆ ಕಿರಿದಾಗುತ್ತೆ. ಗೋಡೆ ದಪ್ಪ, ಕಿಟಕಿ ಸಣ್ಣದು, ಬೆಳಕು ಕಡಿಮೆ. ಕಮಾನುಗಳೆಲ್ಲ ದುಂಡು. ತುದಿ ಚೂಪಾಗಿರೋ ಗಾಥಿಕ್ ಕಮಾನು ಈ ದೇಶಕ್ಕೆ ಆಮೇಲೆ ಬಂದದ್ದು. ಈ ದುಂಡು ಕಮಾನಿನ ಶೈಲಿಗೆ ರೋಮನೆಸ್ಕ್ ಅಂತಾರೆ, ಇಂಗ್ಲೆಂಡಿನಲ್ಲಿ ನಾರ್ಮನ್ ಅಂತಲೂ ಅಂತಾರೆ.

ಚರ್ಚಿನ ಈಶಾನ್ಯದ ಕಡೆ, ನೇವ್ ಗೋಡೆಯ ಮೂಲೆಯಲ್ಲಿ ಮಾತ್ರ ಕಲ್ಲು ಕಟ್ಟಿದ ರೀತಿ ಬೇರೆ. ಅದು ಹ್ಯೂಗಿಂತ ಹಳೇದು, ನಾರ್ಮನ್ನರು ಬರೋಕೆ ಮುಂಚೆ ಇದ್ದ ಚರ್ಚಿನ ಚೂರು. ಕೆಡವೋದು ಯಾಕೆ ಅಂತ ಹಾಗೇ ಸೇರಿಸಿಕೊಂಡು ಕಟ್ಟಿದ್ದಾರೆ. ಬಂದವರಲ್ಲಿ ಹೆಚ್ಚಿನವರು ಈ ಮೂಲೆ ನೋಡದೇ ಹೋಗುತ್ತಾರೆ. ಅವರದ್ದೇನು ತಪ್ಪಿಲ್ಲ. ದಕ್ಷಿಣದ ಬಾಗಿಲು ಅಷ್ಟು ಚೆನ್ನಾಗಿದೆ.

ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ.

ಬಾಗಿಲ ನೆತ್ತಿಯ ಮೇಲೆ ಅರ್ಧಚಂದ್ರದ ಕಲ್ಲು. ಅದರ ಮೇಲೆ ಒಂದು ಬಳ್ಳಿ, ಹಣ್ಣಿನ ಗೊಂಚಲು. ಜೀವವೃಕ್ಷ ಅಂತ ಹೇಳೋದು ವಾಡಿಕೆ. ಸುತ್ತ ಎರಡು ಮೂರು ಸಾಲು ಕಮಾನು. ಅದರ ಒಂದೊಂದು ಕಲ್ಲಿಗೂ ಒಂದೊಂದು ಪ್ರಾಣಿ: ಕೊಕ್ಕು ಚಾಚಿದ ಮುಖಗಳು, ಹಕ್ಕಿ, ಬಾಲ ಸುತ್ತಿಕೊಂಡ ಡ್ರ್ಯಾಗನ್ನು. ಬಾಗಿಲ ಎರಡೂ ಬದಿ ಜೋಡಿ ಕಂಬ. ಅಂಚಿನ ಕಂಬಗಳ ಮೇಲೆ ಹಾವುಗಳು, ಒಂದರ ಬಾಲ ಇನ್ನೊಂದರ ಬಾಯಲ್ಲಿ, ಮೇಲಿಂದ ಕೆಳತನಕ. ಎಡಗಡೆ ಬಳ್ಳಿಯ ನಡುವೆ ಸಿಕ್ಕಿಕೊಂಡ ಇಬ್ಬರು ತೆಳ್ಳಗಿನ ಸೈನಿಕರು. ತಲೆಗೆ ಟೋಪಿ, ಮೈಗಂಟಿದ ಗೆರೆಗೆರೆ ಉಡುಪು. ಅವರ ಬಟ್ಟೆಯ ಗೆರೆ ಯಾವುದು, ಬಳ್ಳಿಯ ಗೆರೆ ಯಾವುದು ಅಂತ ಬೇರೆ ಮಾಡೋಕೆ ಕಣ್ಣಿಗೆ ಹೊತ್ತು ಬೇಕು. ಕೆತ್ತಿದವನಿಗೆ ಅದೇ ಬೇಕಾಗಿತ್ತು ಅಂತ ಕಾಣುತ್ತೆ.

ಬಲಗಡೆ ಕಂಬದ ತಲೆಯ ಮೇಲೆ ಒಂದು ಮುಖ. ಬಾಯಿಂದ ಎಲೆ ಬಳ್ಳಿ ಹೊರಕ್ಕೆ ಬರುತ್ತಿದೆ. ಇದಕ್ಕೆ ಗ್ರೀನ್ ಮ್ಯಾನ್, ಹಸಿರು ಮನುಷ್ಯ ಅಂತಾರೆ. ಪುರಾತನ ಕಾಡುದೇವತೆ, ಕ್ರಿಸ್ತನಿಗಿಂತ ಹಳೇ ನಂಬಿಕೆ ಅಂತೆಲ್ಲ ಕಥೆ ಕೇಳಿರುತ್ತೀರಿ. ಚರ್ಚಿನ ಕೆತ್ತನೆಗೆ ಆ ಹೆಸರು ಕೊಟ್ಟದ್ದು ಲೇಡಿ ರ್‍ಯಾಗ್ಲನ್ ಎಂಬಾಕೆ, 1939ರಲ್ಲಿ. ಕಲ್ಲು ಕೆತ್ತಿ 800 ವರ್ಷ ಆದ ಮೇಲೆ! ನಮ್ಮ ದೇವಸ್ಥಾನಗಳ ಕೀರ್ತಿಮುಖ ನೋಡಿದವರಿಗೆ ಈ ಮುಖ ಪರಿಚಯದ್ದು ಅನ್ನಿಸುತ್ತೆ. ಅನ್ನಿಸಲಿ, ತಪ್ಪೇನಿಲ್ಲ. ಆದರೆ ಅದನ್ನು ಹಿಡಿದು ನೆಂಟಸ್ತನ ಕಟ್ಟೋಕೆ ಹೋಗಬೇಡಿ.

ಈ ಬಾಗಿಲಿಗೆ ಬಹಳ ಕಾಲ ಮರದ ಮುಖಮಂಟಪ ಇತ್ತು. ಮಳೆ ನೇರವಾಗಿ ಬೀಳಲಿಲ್ಲ. 1868ರಲ್ಲಿ ಜನ ನೋಡಲಿ ಅಂತ ಅದನ್ನು ತೆಗೆದರು. ಆದರೂ ಕೆತ್ತನೆ ಇನ್ನೂ ಚೂಪಾಗಿದೆ. ಕಲ್ಲು ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್, ಆ ಸೀಮೆಯ ಕೆಂಪು ಮರಳುಗಲ್ಲು. ಮರಳುಗಲ್ಲು ಮೆದು, ಬೇಗ ಸವೆಯುತ್ತೆ ಅನ್ನೋದು ಎಲ್ಲ ಕಡೆ ನಿಜವಲ್ಲ. ಇಲ್ಲಿ ಸಿಕ್ಕಿದ್ದು ಗಟ್ಟಿ ಕಲ್ಲು.

ಇನ್ನು ಸೂರಿನ ಕಲ್ಲುಗಳು. ನಾನು ಮಾತಾಡೋಕೆ ಬಂದದ್ದೇ ಇವುಗಳ ಬಗ್ಗೆ.

ಗೋಡೆ ಮುಗಿದು ಮಾಡು ಶುರುವಾಗೋ ಕಡೆ, ಸೂರಿನ ಸಾಲಿಗೆ ಆಧಾರವಾಗಿ ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲುಗಳನ್ನು ಸಾಲಾಗಿ ಕೂರಿಸುತ್ತಾರೆ. ಕಾರ್ಬೆಲ್ ಅಂತ ಅದರ ಹೆಸರು. ಕೆಲಸ ಭಾರ ಹೊರೋದು, ಅಷ್ಟೇ. ಸುಮ್ನೆ ಬೋಳಾಗಿ ಬಿಟ್ಟರೂ ನಡೆಯುತ್ತೆ. ಕಿಲ್ಪೆಕ್‌ನಲ್ಲಿ ಬಿಡಲಿಲ್ಲ. ಚರ್ಚಿನ ಸುತ್ತಲೂ 91 ಕಲ್ಲು ಇದ್ದವು. ಈಗ 85 ಇವೆ.

ಒಂದೊಂದೂ ಒಂದು ಮುಷ್ಟಿ ದೊಡ್ಡದು ಅಂದುಕೊಳ್ಳಬೇಡಿ, ತಲೆಗಾತ್ರ ಇವೆ. ನೆಲದ ಮೇಲೆ ಕೂತು ಕೆತ್ತಿ ಆಮೇಲೆ ಮೇಲಕ್ಕೇರಿಸುವ ಕೆಲಸ ಇದು. ಹಾಗಾಗಿ ಒಬ್ಬೊಬ್ಬರ ಮುಂದೆ ಒಂದೊಂದು ಕಲ್ಲು. ಪಕ್ಕದವನು ಹಂದಿ ಮಾಡಿದರೆ ನಾನು ಕುರಿ ಮಾಡ್ತೀನಿ ಅನ್ನೋ ಹಾಗೆ ಕೆಲಸ ಸಾಗಿರಬೇಕು ಅಂತ ನನಗೆ ಅನ್ನಿಸುತ್ತೆ. ಇದು ನನ್ನ ಊಹೆ. ಶಿಲುಬೆ ಹೊತ್ತ ಕುರಿಮರಿ ಇದೆ, ಅದು ಕ್ರಿಸ್ತ. ಅದರ ಜೊತೆಗೇ ಪಿಟೀಲಿನಂಥ ವಾದ್ಯ ನುಡಿಸುವವನಿದ್ದಾನೆ, ಹಂದಿ ಇದೆ, ಹಕ್ಕಿಗಳಿವೆ, ಮನುಷ್ಯರನ್ನು ಬಾಯಲ್ಲಿ ಕಚ್ಚಿಕೊಂಡ ಮೃಗ ಇದೆ. ನಮ್ಮ ನಾಯಿ ಮೊಲವೂ ಇದೇ ಸಾಲಿನವು. ಯಾವ ಕ್ರಮವೂ ಕಾಣಲ್ಲ. ಬೈಬಲ್ಲಿನ ಕಥೆಯನ್ನು ಸಾಲಾಗಿ ಹೇಳೋ ಉದ್ದೇಶ ಇದ್ದಿದ್ದರೆ ಹೀಗೆ ಜೋಡಿಸುತ್ತಿರಲಿಲ್ಲ ಅಲ್ವಾ?

ಪಶ್ಚಿಮದ ಗೋಡೆಯಿಂದ ದೊಡ್ಡ ಡ್ರ್ಯಾಗನ್ ತಲೆಗಳು ಹೊರಕ್ಕೆ ಚಾಚಿವೆ. ಬಾಯಿ ತೆರೆದಿದೆ, ನಾಲಿಗೆ ಸುರುಳಿ. ವೈಕಿಂಗರ ಹಡಗಿನ ಮೂತಿ ನೆನಪಾಗುತ್ತೆ. ನಾರ್ಮನ್ ಅನ್ನೋ ಪದದ ಅರ್ಥವೇ ಉತ್ತರದವರು. ಅವರ ಮುತ್ತಜ್ಜಂದಿರು ಆ ಹಡಗುಗಳಲ್ಲೇ ಫ್ರಾನ್ಸಿಗೆ ಬಂದವರು.

ಏಪ್ಸ್ ಗೋಡೆಯ ಸಾಲಿನಲ್ಲಿ ಒಬ್ಬಳಿದ್ದಾಳೆ. ಬೋಳುತಲೆ, ದೊಡ್ಡ ಕಣ್ಣು. ಎರಡೂ ಕೈಯಲ್ಲಿ ತನ್ನ ಯೋನಿಯನ್ನು ಅಗಲಿಸಿ ತೋರಿಸುತ್ತಿದ್ದಾಳೆ. ಶೀಲಾ ನಾ ಗಿಗ್ ಅಂತ ಇಂಥ ಶಿಲ್ಪಗಳಿಗೆ ಹೆಸರು, ಐರ್ಲೆಂಡಿನಿಂದ ಬಂದ ಹೆಸರು. ಐರ್ಲೆಂಡ್, ಇಂಗ್ಲೆಂಡ್ ಎರಡೂ ಕಡೆ ಇಂಥವು ಬಹಳ ಇವೆ. ಅದರಲ್ಲಿ ಜಾಸ್ತಿ ಹೆಸರಾದವಳು ಇವಳು. ಕಾಮದ ಬಗ್ಗೆ ಎಚ್ಚರಿಕೆ ಅಂತ ಕೆಲವರು, ಕೆಟ್ಟ ದೃಷ್ಟಿ ತೆಗೆಯೋಕೆ ಅಂತ ಕೆಲವರು, ಹೆರಿಗೆಯ ದೇವತೆ ಅಂತ ಇನ್ನು ಕೆಲವರು. 1842ರಲ್ಲಿ ಜಾರ್ಜ್ ರಾಬರ್ಟ್ ಲೂಯಿಸ್ ಎಂಬ ಚಿತ್ರಕಾರ ಈ ಚರ್ಚಿನ ಚಿತ್ರಗಳನ್ನೆಲ್ಲ ಬರೆದು ಅಚ್ಚು ಹಾಕಿಸಿದ. ಇವಳ ವಿಷಯಕ್ಕೆ ಬಂದಾಗ ಪಾಪ ಪೇಚಿಗೆ ಸಿಕ್ಕಿಕೊಂಡ. ಇವನೊಬ್ಬ ಪೆದ್ದ, ಎದೆಯನ್ನು ಸೀಳಿ ಹೃದಯ ತೆರೆದಿಟ್ಟಿದ್ದಾನೆ, ಎಲ್ಲರಿಗೂ ಒಂದೇ ಸಮ ತೆರೆದಿದೆ ಅನ್ನೋ ಅರ್ಥದಲ್ಲಿ ವಿವರಣೆ ಕೊಟ್ಟ. ವಿಕ್ಟೋರಿಯಾ ರಾಣಿಯ ಕಾಲ ನೋಡಿ. ಅವನಾದರೂ ಏನು ಮಾಡ್ಯಾನು?

ನಗಬಹುದು. ಆದರೆ ಲೂಯಿಸ್ ಅಷ್ಟು ಕಾಳಜಿಯಿಂದ ಬರೆದಿಟ್ಟ ಚಿತ್ರಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತಿವೆ.

ಒಳಗೆ ಬನ್ನಿ, ಬೇಗ ನೋಡಿ ಬಿಡೋಣ. ನೇವ್ ಮತ್ತು ಚಾನ್ಸೆಲ್ ನಡುವಿನ ಕಮಾನಿನ ಕಂಬಗಳಲ್ಲಿ ಸಂತರು ಒಬ್ಬರ ತಲೆಯ ಮೇಲೆ ಒಬ್ಬರು ನಿಂತಿದ್ದಾರೆ, ಬದಿಗೆ ಮೂವರಂತೆ. ಬೀಗದ ಕೈ ಹಿಡಿದವನು ಪೀಟರ್. ಏಪ್ಸ್ ಚಾವಣಿಯ ಪಟ್ಟಿಗಳು ಕೂಡೋ ಕಡೆ ಸಿಂಹದ ಮುಖಗಳು. ಕೂಸಿಗೆ ಸ್ನಾನದೀಕ್ಷೆ ಕೊಡೋ ಕಲ್ಲಿನ ಬಾನಿ ಅಗಲವಾಗಿದೆ, ಕೆತ್ತನೆಯಿಲ್ಲ. ನನಗೆ ಇಷ್ಟವಾದದ್ದು ತೀರ್ಥದ ಬೋಗುಣಿ. ಗುಂಡಗಿನ ಕಲ್ಲು, ಅದರ ಸುತ್ತ ಎರಡು ಕೈ ಕೆತ್ತಿದ್ದಾರೆ. ಊಟ ಜಾಸ್ತಿಯಾಗಿ ಹೊಟ್ಟೆ ಹಿಡಿದುಕೊಂಡವರ ಕೈ ಥರಾನೇ ಇದೆ.

ಸಂತರನ್ನು ಹೀಗೆ ಮೇಲೆ ಮೇಲೆ ನಿಲ್ಲಿಸೋದು ಇಂಗ್ಲೆಂಡಿನ ರೂಢಿಯಲ್ಲ. ಸ್ಪೇನಿನ ಸಾಂಟಿಯಾಗೋ ಯಾತ್ರಾಸ್ಥಳದ ದಕ್ಷಿಣ ಬಾಗಿಲಲ್ಲಿ ಇಂಥದ್ದಿದೆ. ಅಲ್ಲಿಂದ ಇಲ್ಲಿಗೆ ಹೇಗೆ ಬಂತು? ಇಲ್ಲೊಂದು ಸುಳಿವಿದೆ. ಇದೇ ಜಿಲ್ಲೆಯ ಷಾಬ್‌ಡನ್ ಎಂಬ ಊರಲ್ಲಿ ಆಲಿವರ್ ಡಿ ಮೆರ್ಲಿಮಂಡ್ ಅನ್ನುವವನು ಒಂದು ಚರ್ಚ್ ಕಟ್ಟಿಸಿದ. ಹ್ಯೂ ಮಾರ್ಟಿಮರ್ ಎಂಬ ದೊಡ್ಡ ಒಡೆಯನ ಪಾರುಪತ್ಯಗಾರ ಇವನು. ಕೆಲಸ ನಡೆಯುವಾಗಲೇ ಸಾಂಟಿಯಾಗೋ ಯಾತ್ರೆ ಮಾಡಿ ಬಂದ ಅಂತ ಹಳೇ ಮಠದ ಕಥನದಲ್ಲಿ ಬರೆದಿದೆ. ಷಾಬ್‌ಡನ್ ಕೆತ್ತನೆಯೂ ಕಿಲ್ಪೆಕ್ ಕೆತ್ತನೆಯೂ ಒಂದೇ ಬಳಗದ ಕೆಲಸ. ಆ ಬಳಗಕ್ಕೆ ಈಗ ಹೆರೆಫರ್ಡ್‌ಶೈರ್ ಸ್ಕೂಲ್ ಅಂತ ಹೆಸರಿಟ್ಟಿದ್ದಾರೆ. ಅರ್ಡ್ಸ್‌ಲಿ, ಕ್ಯಾಸಲ್ ಫ್ರೋಮ್ ಊರುಗಳ ಸ್ನಾನದೀಕ್ಷೆಯ ಬಾನಿಗಳು ಅವರವೇ. ಯಾತ್ರೆಗೆ ಆಲಿವರ್ ಜೊತೆ ಒಬ್ಬ ಕಲ್ಲುಕುಟಿಗನೂ ಹೋಗಿ, ದಾರಿಯುದ್ದಕ್ಕೂ ಫ್ರಾನ್ಸಿನ ಚರ್ಚುಗಳನ್ನೆಲ್ಲ ಕಣ್ಣಲ್ಲಿ ತುಂಬಿಕೊಂಡು ಬಂದಿರಬಹುದು ಅಂತ ವಿದ್ವಾಂಸರ ಅಂದಾಜು.

ಈಗ ಷಾಬ್‌ಡನ್ ಗತಿ ಕೇಳಿ. 1750ರ ದಶಕದಲ್ಲಿ ಅಲ್ಲಿನ ಬೇಟ್‌ಮನ್ ಮನೆತನಕ್ಕೆ (ನಗಬೇಡಿ, ಬ್ಯಾಟ್‌ಮನ್ ಅಲ್ಲ) ಹಳೇ ಚರ್ಚ್ ಹಿಡಿಸಲಿಲ್ಲ. ಕೆಡವಿಸಿ ಹೊಸದು ಕಟ್ಟಿಸಿದರು. ಒಳಗೆಲ್ಲ ಬಿಳಿ, ತಿಳಿನೀಲಿ, ಮದುವೆ ಕೇಕಿನ ಹಾಗೆ. ಹಳೇ ಕೆತ್ತನೆಯ ಕಮಾನುಗಳನ್ನು ಬಿಸಾಡಲಿಲ್ಲ, ಅಷ್ಟು ದಯೆ ತೋರಿಸಿದರು. ಒಯ್ದು ಗುಡ್ಡದ ಮೇಲೆ ನಿಲ್ಲಿಸಿದರು, ತೋಟದಲ್ಲಿ ಅಡ್ಡಾಡುವಾಗ ನೋಡೋಕೆ ಚೆನ್ನಾಗಿರುತ್ತೆ ಅಂತ. ಮಾಡಿಲ್ಲ, ಮರೆಯಿಲ್ಲ. ಇನ್ನೂರೈವತ್ತು ವರ್ಷದ ಮಳೆ, ಹಿಮ, ಗಾಳಿ. ಈಗ ಅಲ್ಲಿ ಬೆರಳಿಟ್ಟರೆ ಉಬ್ಬು ತಗ್ಗು ಸಿಗುತ್ತೆ, ಮುಖ ಸಿಗಲ್ಲ. ಲೂಯಿಸ್ 1852ರಲ್ಲಿ ಷಾಬ್‌ಡನ್ ಚಿತ್ರಗಳನ್ನೂ ಪ್ರಕಟಿಸಿದ. ಆ ಕಲ್ಲಿನಲ್ಲಿ ಏನಿತ್ತು ಅಂತ ಇವತ್ತು ಆ ಹಾಳೆ ನೋಡಿಯೇ ತಿಳಿಯಬೇಕು.

ಕಿಲ್ಪೆಕ್ ಯಾಕೆ ಉಳಿಯಿತು? ನನ್ನ ಮಟ್ಟಿಗೆ ಉತ್ತರ ಸುಲಭ. ಆ ಊರಿಗೆ ದುಡ್ಡು ಬರಲಿಲ್ಲ.

ಬರೋ ಲಕ್ಷಣ ಇತ್ತು. ಚರ್ಚಿನ ಪಕ್ಕದಲ್ಲೇ ಮಣ್ಣಿನ ದಿಬ್ಬದ ಮೇಲೆ ಕೋಟೆ ಇತ್ತು. ಜಾನ್ ರಾಜ ಒಂದಲ್ಲ, ಹಲವು ಸಲ ಬಂದು ತಂಗಿದ್ದಾನೆ. 13ನೇ ಶತಮಾನದಲ್ಲಿ ಸಂತೆಗೆ ಅಪ್ಪಣೆಯೂ ಸಿಕ್ಕಿತ್ತು. ಚರ್ಚಿನ ಪಕ್ಕದ ಹುಲ್ಲುಗಾವಲಿನಲ್ಲಿ ಸಂಜೆ ಓರೆ ಬಿಸಿಲು ಬಿದ್ದಾಗ ನೋಡಿದರೆ ಹಳೇ ಬೀದಿ, ಮನೆಯ ಅಡಿಪಾಯದ ಗುರುತು ಏರು ತಗ್ಗಾಗಿ ಕಾಣುತ್ತೆ. ಆಮೇಲೆ ಊರು ಕರಗಿತು. 1348-49ರ ಪ್ಲೇಗು ಒಂದು ಕಾರಣ ಇರಬಹುದು ಅಂತಾರೆ. ಗಡಿಯ ಗಲಾಟೆ ತಣ್ಣಗಾದ ಮೇಲೆ ಕೋಟೆಗೂ ಕೆಲಸ ಉಳಿಯಲಿಲ್ಲ. 17ನೇ ಶತಮಾನದ ಅಂತರ್ಯುದ್ಧದಲ್ಲಿ ಇದ್ದಬದ್ದ ಗೋಡೆಯನ್ನೂ ಕೆಡವಿದರು. ದಿಬ್ಬದ ಮೇಲೆ ಈಗ ಒಂದೆರಡು ಮುರುಕು ಗೋಡೆ, ಕುರಿಗಳು.

ಉಣ್ಣೆ ವ್ಯಾಪಾರದಲ್ಲಿ ದುಡ್ಡು ಕಂಡ ಊರುಗಳಲ್ಲಿ ಏನಾಯಿತು ಗೊತ್ತಾ? 14, 15ನೇ ಶತಮಾನದಲ್ಲಿ ಹಳೇ ಚರ್ಚಿನ ಗೋಡೆ ಒಡೆದು ಪಕ್ಕಕ್ಕೆ ಸಾಲುಮಂಟಪ ಸೇರಿಸಿದರು, ದೊಡ್ಡ ಕಿಟಕಿ ಇಟ್ಟರು, ಗೋಪುರ ಎತ್ತಿದರು. ನಾರ್ಮನ್ ಕೆಲಸ ಒಂದು ಬಾಗಿಲಿನಷ್ಟೋ ಒಂದು ಕಮಾನಿನಷ್ಟೋ ಉಳಿಯಿತು. ಕಿಲ್ಪೆಕ್‌ನಲ್ಲಿ ಅಂಥ ಶ್ರೀಮಂತ ಹುಟ್ಟಲಿಲ್ಲ. 19ನೇ ಶತಮಾನದಲ್ಲಿ ದುರಸ್ತಿ ಆಯಿತು, ಕಾಟಿಂಗ್‌ಹ್ಯಾಮ್ ಎಂಬ ವಾಸ್ತುಶಿಲ್ಪಿ ಮಾಡಿಸಿದ. ಚಾವಣಿಯ ಮೇಲಿನ ಗಂಟೆಗೂಡು ಆ ಶತಮಾನದ್ದೇ. ಕೆತ್ತಿದ ಕಲ್ಲುಗಳ ಮೇಲೆ ಯಾರೂ ತಮ್ಮ ಉಳಿ ಹಚ್ಚಲಿಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು.

ಕೆತ್ತಿದವರ ಹೆಸರು ಗೊತ್ತಾ ಅಂತ ಒಬ್ಬರು ಕೇಳಿದರು. ಇಲ್ಲ, ಒಂದೂ ಇಲ್ಲ. ಇಲ್ಲಿ ನಮ್ಮವರನ್ನು ನೆನೆಯಲೇಬೇಕು. ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. ಕಿಲ್ಪೆಕ್‌ಗಿಂತ ಇಪ್ಪತ್ತು ಚಿಲ್ಲರೆ ವರ್ಷ ಹಿರಿದು, ಅಷ್ಟೇ. ಅಲ್ಲಿ ಬಳ್ಳಿಗಾವಿಯ ದಾಸೋಜ ತನ್ನ ಹೆಸರು ಕೆತ್ತಿದ್ದಾನೆ, ಊರಿನ ಹೆಸರನ್ನೂ ಹೇಳಿದ್ದಾನೆ. ಕಿಲ್ಪೆಕ್‌ನವನು ನಾಯಿ ಮೊಲ ಬಿಟ್ಟು ಹೋದ, ಹೆಸರು ಬಿಡಲಿಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ಎದ್ದು, “ಅಲ್ಲಪ್ಪಾ, ನಮ್ಮ ಬಾದಾಮಿ ಮ್ಯೂಸಿಯಂನಲ್ಲಿ ಲಜ್ಜಾಗೌರಿ ಇದ್ದಾಳಲ್ಲ, ಅವಳಿಗೂ ಇವಳಿಗೂ ಏನಾದರೂ ಸಂಬಂಧ ಉಂಟೋ?” ಅಂದರು. ಈ ಪ್ರಶ್ನೆ ಬರುತ್ತೆ ಅಂತ ನನಗೆ ಗೊತ್ತಿತ್ತು. “ಭಂಗಿ ನೋಡಿದರೆ ಹಾಗನ್ನಿಸುತ್ತೆ ಅಮ್ಮ. ಆದರೆ ಲಜ್ಜಾಗೌರಿಗೆ ತಲೆಯ ಜಾಗದಲ್ಲಿ ತಾವರೆ. ಐಹೊಳೆ ಹತ್ತಿರ ಸಿದ್ಧನಕೊಳ್ಳದಲ್ಲಿ ಮಕ್ಕಳಾಗಲಿ ಅಂತ ಇವತ್ತಿಗೂ ಹರಕೆ ಹೊರುತ್ತಾರೆ. ಅವಳು ದೇವರು. ಕಿಲ್ಪೆಕ್‌ನವಳನ್ನು ಹಂದಿ, ನಾಯಿ ಸಾಲಿನಲ್ಲಿ ಸೂರಿನ ಕೆಳಗೆ ಕೂರಿಸಿದ್ದಾರೆ,” ಅಂದೆ. ಅವರಿಗೆ ಪೂರ್ತಿ ಒಪ್ಪಿಗೆ ಆದ ಹಾಗೆ ಕಾಣಲಿಲ್ಲ. “ಯಾವ ದೇಶವಾದರೇನು, ಹೆರೋದು ಒಂದೇ ಥರ ಅಲ್ವಾ,” ಅಂತ ಕೂತರು.

ಒಳಗೆ ಈಗಲೂ ಪ್ರಾರ್ಥನೆ ನಡೆಯುತ್ತಾ ಅಂತ ಇನ್ನೊಬ್ಬರು. ನಡೆಯುತ್ತೆ. ಅದು ಇವತ್ತಿಗೂ ಊರಿನ ಚರ್ಚ್.

ಹೋಗುವವರಿದ್ದರೆ ಹೆರೆಫರ್ಡ್‌ವರೆಗೆ ರೈಲಿದೆ, ಅಲ್ಲಿಂದ ಕಾರು ಮಾಡಿಕೊಳ್ಳೋದು ವಾಸಿ. ಬೈನಾಕ್ಯುಲರ್ ತಗೊಂಡು ಹೋಗಿ. ಇಲ್ಲದಿದ್ದರೆ ಎರಡು ಸುತ್ತು ಬರುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತೆ. ನಾನು ರೂಢಿಯಂತೆ ಪ್ರದಕ್ಷಿಣೆ ಹಾಕಿಯೇ ಎಣಿಸಿದೆ. ಮೊದಲನೇ ಸಲ 84 ಬಂತು. ಎರಡನೇ ಸಲ 86. ಮೂರನೇ ಸುತ್ತಿನಲ್ಲಿ ನಾಯಿ ಮೊಲದ ಹತ್ತಿರ ಬರೋ ಹೊತ್ತಿಗೆ ಮಳೆ ಶುರುವಾಯಿತು. ಅದೇ ಸೂರಿನ ಕೆಳಗೆ ನಿಂತೆ.